ದೇವಪುತ್ರರೂ ಮನುಷ್ಯಪುತ್ರಿಯರೂ

ಲೋಕವು ಎಂದು ಮುಗಿಯುವುದೆಂದು ತಿಳಿಯಬಯಸುವವನು ಧರ್ಮಗ್ರಂಥದ ಕಡೆಯ ಪುಟಗಳನ್ನು ತೆರೆಯುವುದು ಸಹಜ. ಆದರೆ ಕ್ರೈಸ್ತ ಜಗತ್ತಿನಲ್ಲಿ ಒಂದು ಬಗೆಯ ವ್ಯಾಖ್ಯಾನಕಾರರು ಈ ಪ್ರಶ್ನೆಯನ್ನು ಎತ್ತಿಕೊಂಡು ಬೈಬಲ್ಲಿನ ಮೊದಲ ಪುಟಗಳ ಮುಂದೆಯೇ ಕುಳಿತುಬಿಟ್ಟಿದ್ದಾರೆ. ಆದಿಕಾಂಡದ ಆರನೆಯ ಅಧ್ಯಾಯದ ಮೊದಲ ನಾಲ್ಕು ವಾಕ್ಯಗಳು ಅವರನ್ನು ಅಲ್ಲಿಂದ ಏಳಗೊಟ್ಟಿಲ್ಲ.

ಆ ನಾಲ್ಕು ವಾಕ್ಯಗಳು ಹೇಳುವುದಿಷ್ಟು. ಭೂಮಿಯ ಮೇಲೆ ಮನುಷ್ಯರು ಹೆಚ್ಚಿದರು. ಅವರಿಗೆ ಹೆಣ್ಣುಮಕ್ಕಳು ಹುಟ್ಟಿದರು. ದೇವಪುತ್ರರು ಆ ಕನ್ಯೆಯರ ಚೆಲುವನ್ನು ಕಂಡು, ತಮಗೆ ಬೇಕೆನಿಸಿದವರನ್ನು ಹೆಂಡಿರಾಗಿ ತೆಗೆದುಕೊಂಡರು. ಮನುಷ್ಯನ ಆಯುಷ್ಯ 120 ವರ್ಷವೆಂದು ದೇವರು ಗೊತ್ತುಮಾಡಿದನು. ಆ ದಿನಗಳಲ್ಲಿ ನೆಫಿಲಿಮರೆಂಬ ಮಹಾಕಾಯರು ಭೂಮಿಯಲ್ಲಿದ್ದರು. ದೇವಪುತ್ರರಿಗೆ ಹುಟ್ಟಿದವರು ಪೂರ್ವಕಾಲದ ಪರಾಕ್ರಮಿಗಳೆನಿಸಿದರು. ಇಷ್ಟನ್ನು ಹೇಳಿ ಗ್ರಂಥಕಾರನು ಮುಂದಕ್ಕೆ ಸಾಗಿಬಿಡುತ್ತಾನೆ. ಹಿಂದೆಯೇ ನೋಹನ ಕಾಲದ ಜಲಪ್ರಳಯ ಬರುತ್ತದೆ. ದೇವಪುತ್ರರು ಯಾರು, ಎಲ್ಲಿಂದ ಬಂದರು, ಆಮೇಲೆ ಏನಾದರು, ಒಂದಕ್ಕೂ ವಿವರಣೆಯಿಲ್ಲ.

ಕನ್ನಡದ ವಾಚಕನಿಗೆ ಈ ಕಥೆಯಲ್ಲಿ ಗಾಬರಿಗೊಳ್ಳುವಂಥದು ಮೊದಲಿಗೆ ಏನೂ ಕಾಣಲಾರದು. ಶಂತನುವಿನ ಮನೆಗೆ ಗಂಗೆ ಸೊಸೆಯಾಗಿ ಬಂದಳು. ಕುಂತಿಯು ಸೂರ್ಯನನ್ನೂ ಯಮಧರ್ಮನನ್ನೂ ವಾಯುವನ್ನೂ ಇಂದ್ರನನ್ನೂ ಕರೆದು ಮಕ್ಕಳನ್ನು ಪಡೆದಳು. ಭೀಷ್ಮನಾಗಲಿ ಅರ್ಜುನನಾಗಲಿ ತಾಯಿತಂದೆಯರಲ್ಲಿ ಒಬ್ಬರು ದೇವಲೋಕದವರೆಂಬ ಕಾರಣಕ್ಕೆ ಲೋಕಕ್ಕೆ ಅರಿಷ್ಟವಾಗಲಿಲ್ಲ. ಈ ಪುರಾಣಗಳಲ್ಲಿ ಸ್ವರ್ಗಕ್ಕೂ ಭೂಮಿಗೂ ನಡುವೆ ಇರುವುದು ಮೆಟ್ಟಿಲು. ಹತ್ತುವವರೂ ಇಳಿಯುವವರೂ ಉಂಟು. ಹೀಬ್ರೂ ಜನರ ಕಲ್ಪನೆಯಲ್ಲಿ ಆ ಜಾಗದಲ್ಲಿ ಇರುವುದು ಗೋಡೆ. ಸೃಷ್ಟಿಕರ್ತನು ಬೆಳಕನ್ನು ಕತ್ತಲೆಯಿಂದ, ನೀರನ್ನು ನೀರಿನಿಂದ, ನೆಲವನ್ನು ಸಮುದ್ರದಿಂದ ಬೇರ್ಪಡಿಸಿದನೆಂದೇ ಅವರ ಸೃಷ್ಟಿಕಥೆ ಆರಂಭವಾಗುತ್ತದೆ. ಬೇರ್ಪಡಿಸಿದ್ದನ್ನು ಬೆರೆಸಿದರೆ ಸೃಷ್ಟಿಯೇ ಹಿಂದಕ್ಕೆ ಸರಿದು ಮತ್ತೆ ನೀರಾಗುತ್ತದೆ. ಪ್ರಳಯವೆಂದರೆ ಅದೇ ಅಲ್ಲವೆ?

ಮೂಲದಲ್ಲಿ ನಾಲ್ಕೇ ವಾಕ್ಯವಿದ್ದ ಈ ಕಥೆಯನ್ನು ಬೆಳೆಸಿದ ಗ್ರಂಥ ಬೇರೆಯದು. ಅದು ಹನೋಕನ ಹೆಸರಿನಲ್ಲಿ ಬಂದ ಪುಸ್ತಕ. ಅದರ ಅತ್ಯಂತ ಹಳೆಯ ಭಾಗಗಳು ಕ್ರಿ. ಪೂ. ಮೂರನೆಯ ಶತಮಾನದಷ್ಟು ಹಿಂದಿನವೆಂದು ವಿದ್ವಾಂಸರು ಎಣಿಸುತ್ತಾರೆ. ಅದರಲ್ಲಿ ದೇವಪುತ್ರರಿಗೆ ‘ಎಚ್ಚರವಿರುವವರು’ ಎಂಬ ಹೆಸರು. ಶೆಮಿಹಜಾ ಎಂಬವನ ಮುಂದಾಳುತನದಲ್ಲಿ 200 ಮಂದಿ ದೇವದೂತರು ಹೆರ್ಮೋನ್ ಪರ್ವತದ ಮೇಲೆ ಇಳಿಯುತ್ತಾರೆ. ಕೆಲಸ ಕೆಟ್ಟದೆಂದು ಅವರಿಗೆ ಗೊತ್ತಿದೆ. ಎಲ್ಲಿ ಉಳಿದವರು ಹಿಂದೆಗೆದು ತಾನೊಬ್ಬನೇ ಪಾಪದ ಹೊರೆಯನ್ನು ಹೊರಬೇಕಾಗುವುದೋ ಎಂದು ಮುಂದಾಳು ಅಂಜುತ್ತಾನೆ. ಆದುದರಿಂದ ಎಲ್ಲರೂ ಕೂಡಿ ಆಣೆ ಇಟ್ಟುಕೊಳ್ಳುತ್ತಾರೆ. ದೇವದೂತರಾದರೇನು, ತಪ್ಪುಮಾಡುವಾಗ ಜೊತೆಗೊಬ್ಬರು ಬೇಕು!

ಅವರು ಭೂಮಿಗೆ ತಂದದ್ದು ಮೋಹವನ್ನು ಮಾತ್ರವಲ್ಲ. ಅಸಾಯೇಲನೆಂಬವನು ಮನುಷ್ಯರಿಗೆ ಕತ್ತಿ, ಗುರಾಣಿ, ಎದೆಕವಚಗಳನ್ನು ಮಾಡುವುದನ್ನು ಕಲಿಸಿದನು. ಬಳೆಗಳನ್ನೂ ಬಣ್ಣಗಳನ್ನೂ ಕಣ್ಣಿಗೆ ಹಚ್ಚುವ ಕಾಡಿಗೆಯನ್ನೂ ತೋರಿಸಿಕೊಟ್ಟನು. ಬೇರೆಯವರು ಬೇರುನಾರುಗಳ ಗುಣವನ್ನೂ ಮಂತ್ರಗಳನ್ನೂ ನಕ್ಷತ್ರಶಾಸ್ತ್ರವನ್ನೂ ಕಲಿಸಿದರು. ಖಡ್ಗವನ್ನೂ ಕಾಡಿಗೆಯನ್ನೂ ಒಂದೇ ಉಸಿರಿನಲ್ಲಿ ಲೋಕನಾಶದ ಪಟ್ಟಿಗೆ ಸೇರಿಸಿದ ಗ್ರಂಥಕಾರನ ಮನೆಯಲ್ಲಿ ಕನ್ನಡಿಯೊಂದು ಇದ್ದಿರಲಾರದು. ಹುಟ್ಟಿದ ಮಕ್ಕಳೋ, 3,000 ಮೊಳ ಎತ್ತರದ ದೈತ್ಯರು. ಮನುಷ್ಯರು ದುಡಿದು ಬೆಳೆದದ್ದೆಲ್ಲವನ್ನೂ ತಿಂದು ಮುಗಿಸಿ, ಕಡೆಗೆ ಮನುಷ್ಯರನ್ನೇ ತಿನ್ನತೊಡಗಿದರು.

ಅಂತ್ಯಕಾಲದ ಎಳೆ ಈ ಕಥೆಗೆ ಹೆಣೆದುಕೊಳ್ಳುವುದು ಇಲ್ಲಿಂದ ಮುಂದೆ. ತಪ್ಪಿತಸ್ಥ ದೂತರನ್ನು ಕಟ್ಟಿ, 70 ತಲೆಮಾರುಗಳ ಕಾಲ, ಮಹಾನ್ಯಾಯತೀರ್ಪಿನ ದಿನದವರೆಗೆ, ಭೂಮಿಯೊಳಗೆ ಇರಿಸಲಾಯಿತಂತೆ. ಸತ್ತ ದೈತ್ಯರ ಆತ್ಮಗಳು ದುಷ್ಟಶಕ್ತಿಗಳಾಗಿ ಆ ದಿನದವರೆಗೂ ಭೂಮಿಯ ಮೇಲೆ ಅಲೆಯುತ್ತಿರುವುವಂತೆ. ಹೊಸ ಒಡಂಬಡಿಕೆಯಲ್ಲಿ ಯೂದನ ಪತ್ರವೂ ಪೇತ್ರನ ಎರಡನೆಯ ಪತ್ರವೂ ಪಾಪಮಾಡಿದ ದೂತರು ಕತ್ತಲೆಯಲ್ಲಿ ಬಂಧಿತರಾಗಿ ತೀರ್ಪಿಗೆ ಕಾದಿರುವರೆಂದು ಹೇಳುತ್ತವೆ. ಯೂದನು ಹನೋಕನ ಹೆಸರನ್ನೇ ಎತ್ತುತ್ತಾನೆ. ಹೀಗೆ ಆದಿಯ ಕಥೆ ಅಂತ್ಯದ ಕಥೆಗೆ ಜೋಡಿಸಿಕೊಂಡಿತು.

ಆದರೆ ದೇವದೂತರು ಮನುಷ್ಯಸ್ತ್ರೀಯರನ್ನು ಕೂಡಿದರೆಂಬುದು ಎಲ್ಲರಿಗೂ ರುಚಿಸಲಿಲ್ಲ. ಯಹೂದಿ ಗುರುಗಳಲ್ಲಿ ಶಿಮೋನ್ ಬಾರ್ ಯೋಖಾಯ್ ಎಂಬಾತನು ‘ದೇವಪುತ್ರರು’ ಎಂಬುದಕ್ಕೆ ನ್ಯಾಯಾಧಿಪತಿಗಳ ಮಕ್ಕಳೆಂದೇ ಅರ್ಥಮಾಡಬೇಕೆಂದೂ, ಹಾಗಲ್ಲವೆನ್ನುವವರಿಗೆ ಶಾಪವೆಂದೂ ಹೇಳಿದನೆಂಬ ಸಂಪ್ರದಾಯವಿದೆ. ಮೂರನೆಯ ಶತಮಾನದ ಕ್ರೈಸ್ತ ಲೇಖಕ ಜೂಲಿಯಸ್ ಆಫ್ರಿಕಾನಸನು ಇನ್ನೊಂದು ದಾರಿಯನ್ನು ತೋರಿದನು: ದೇವಪುತ್ರರೆಂದರೆ ಆದಾಮನ ಮಗನಾದ ಸೇತನ ಭಕ್ತವಂಶದವರು, ಮನುಷ್ಯಪುತ್ರಿಯರೆಂದರೆ ಕೊಲೆಗಾರ ಕಾಯಿನನ ವಂಶದವರು. ಸಂತ ಆಗಸ್ಟೀನನು ‘ದೇವನಗರ’ದ 15ನೆಯ ಭಾಗದಲ್ಲಿ ದೇವಪುತ್ರರು ಸೇತನ ವಂಶದವರೆಂಬ ಪಕ್ಷವನ್ನೇ ಹಿಡಿದನು. ಆಗಸ್ಟೀನನು ಒಪ್ಪಿದ ಮೇಲೆ ಪಶ್ಚಿಮದ ಚರ್ಚಿನಲ್ಲಿ ಅದಕ್ಕೆ ಬಹುಕಾಲ ಎದುರುಮಾತಿರಲಿಲ್ಲ. ಹನೋಕನ ಪುಸ್ತಕ ಅಲ್ಲಿ ಮರೆಯಾಗಿಹೋಯಿತು. ಇಥಿಯೋಪಿಯದ ಚರ್ಚು ಮಾತ್ರ ಅದನ್ನು ಪವಿತ್ರಗ್ರಂಥವೆಂದೇ ಎಣಿಸಿ, ಪ್ರಾಚೀನ ಗೀಜ್ ಭಾಷೆಯಲ್ಲಿ ಕಾಪಾಡಿಕೊಂಡು ಬಂದಿತು. ನೈಲ್ ನದಿಯ ಮೂಲವನ್ನು ಅರಸಿಕೊಂಡು ಹೋಗಿದ್ದ ಸ್ಕಾಟ್ಲೆಂಡಿನ ಜೇಮ್ಸ್ ಬ್ರೂಸನು 1773ರಲ್ಲಿ ಅದರ ಹಸ್ತಪ್ರತಿಗಳೊಡನೆ ಯೂರೋಪಿಗೆ ಮರಳಿದನು. 1821ರಲ್ಲಿ ರಿಚರ್ಡ್ ಲಾರೆನ್ಸನ ಇಂಗ್ಲಿಷ್ ಅನುವಾದ ಅಚ್ಚಾಯಿತು. ಮೃತಸಮುದ್ರದ ದಂಡೆಯ ಕುಮ್ರಾನಿನ ಗವಿಗಳಲ್ಲಿ ಅದರ ಅರಮೇಯಿಕ್ ಮೂಲದ ಚೂರುಗಳು ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ದೊರೆತು, 1976ರಲ್ಲಿ ಪ್ರಕಟವಾದುವು.

ಪಂಡಿತರ ಈ ವಾದದಲ್ಲಿ ಗಮನಕ್ಕೆ ಬಾರದೆ ಹೋದವರು ಆ ಹೆಣ್ಣುಮಕ್ಕಳು. ಆದಿಕಾಂಡದಲ್ಲಿ ಅವರಿಗೆ ಹೆಸರಿಲ್ಲ, ಮಾತಿಲ್ಲ. ಅವರು ಹುಟ್ಟಿದರು, ಚೆಲುವೆಯರಾಗಿದ್ದರು. ಕಂಡವರು ದೇವಪುತ್ರರು, ಆರಿಸಿದವರು ದೇವಪುತ್ರರು, ತೆಗೆದುಕೊಂಡವರು ದೇವಪುತ್ರರು. ಅವರನ್ನು ಯಾರೂ ಕೇಳಿದಂತೆ ತೋರುವುದಿಲ್ಲ. ಹೀಗಿದ್ದೂ, ರೂಬೇನನ ಹೆಸರಿನಲ್ಲಿ ಬಂದ ಹಳೆಯ ಮರಣಶಾಸನವೊಂದರಲ್ಲಿ ಆ ಸ್ತ್ರೀಯರೇ ದೂತರನ್ನು ಮರುಳುಗೊಳಿಸಿದರೆಂಬ ಆರೋಪ ಬರುತ್ತದೆ. ಕೊರಿಂಥದವರಿಗೆ ಬರೆದ ಪತ್ರದಲ್ಲಿ ದೂತರ ನಿಮಿತ್ತವಾಗಿ ಹೆಂಗಸು ತಲೆಯ ವಿಷಯದಲ್ಲಿ ಕಟ್ಟಲೆಯಿಂದಿರಬೇಕೆಂದು ಪೌಲನು ಹೇಳಿದ ತೊಡಕಿನ ಮಾತಿಗೆ, ಟೆರ್ಟುಲಿಯನನು ಈ ಕಥೆಯನ್ನೇ ಹಚ್ಚಿ, ಕನ್ಯೆಯರೂ ಮುಸುಕು ಹಾಕಿಕೊಳ್ಳಬೇಕೆಂದು ವಾದಿಸಿದನು. ಜಾರಿದವರು ಸ್ವರ್ಗದವರು, ಮುಸುಕು ಬಿದ್ದದ್ದು ಕಾರ್ಥೇಜಿನ ಹುಡುಗಿಯರ ತಲೆಯ ಮೇಲೆ.

ಭವಿಷ್ಯವಾಣಿಯೆಂದು ಎತ್ತಿಹೇಳುವ ವಚನಗಳು ಮುಖ್ಯವಾಗಿ ಎರಡು. ಒಂದು ಮತ್ತಾಯನ ಸುವಾರ್ತೆಯ 24ನೆಯ ಅಧ್ಯಾಯದಲ್ಲಿದೆ. ನೋಹನ ದಿನಗಳು ಹೇಗಿದ್ದುವೋ ಮನುಷ್ಯಕುಮಾರನ ಬರೋಣವೂ ಹಾಗೆಯೇ ಇರುವುದೆಂದು ಯೇಸು ಅಲ್ಲಿ ಹೇಳುತ್ತಾನೆ. ನೋಹನ ದಿನಗಳಲ್ಲಿ ನಡೆದದ್ದೇನು? ದೇವದೂತರು ಇಳಿದುಬಂದದ್ದು, ಆದುದರಿಂದ ಅಂತ್ಯಕಾಲದಲ್ಲಿಯೂ ಅವರು ಇಳಿದುಬರುವರು—ಎಂಬುದು ವಾದ. ಇಂಗ್ಲೆಂಡಿನ ಜಿ. ಎಚ್. ಪೆಂಬರನು 1876ರ ತನ್ನ ಗ್ರಂಥದಲ್ಲಿ ಈ ಪಕ್ಷವನ್ನು ಬಲವಾಗಿ ಪ್ರತಿಪಾದಿಸಿದನು. ಮೇಜಿನ ಸುತ್ತ ಕುಳಿತು ಸತ್ತವರೊಡನೆ ಮಾತನಾಡುವ ಗೀಳು ಲಂಡನ್ನಿನ ದಿವಾನಖಾನೆಗಳಲ್ಲಿ ಹಬ್ಬಿದ್ದ ಕಾಲ ಅದು. ಆ ಮೇಜುಗಳ ಬಳಿಗೆ ಬರುತ್ತಿದ್ದವರು ನೋಹನ ಕಾಲದ ಅತಿಥಿಗಳೇ ಎಂದು ಅವನಿಗೆ ತೋರಿತು. ಮುಂದೆ ಥಿಯಾಸಫಿಯೂ ಅವನ ಪಟ್ಟಿಗೆ ಸೇರಿತು. 1947ರಲ್ಲಿ ಅಮೆರಿಕದ ಆಕಾಶದಲ್ಲಿ ಹಾರುವ ತಟ್ಟೆಗಳ ಸುದ್ದಿ ಹುಟ್ಟಿದ ಬಳಿಕ, ತಟ್ಟೆಗಳೊಳಗೆ ಕುಳಿತವರೂ ಆ ದೂತರೇ ಎಂದರು ಕೆಲವರು. ಜೀವಕಣಗಳ ವಂಶವಾಹಿಗಳನ್ನು ತಿದ್ದುವ ವಿದ್ಯೆ ಬಂದಮೇಲೆ ಹೊಸ ನೆಫಿಲಿಮರು ಹುಟ್ಟುವ ಸ್ಥಳ ಪ್ರಯೋಗಶಾಲೆಯೇ ಎಂಬ ಮಾತೂ ಬಂದಿತು. ಪ್ರತಿಯೊಂದು ತಲೆಮಾರೂ ತನಗೆ ಅರ್ಥವಾಗದ ಒಂದು ಹೊಸತನ್ನು ಆ ನಾಲ್ಕು ವಾಕ್ಯಗಳಲ್ಲಿ ಕಂಡುಕೊಂಡಿದೆ.

ಮತ್ತಾಯನ ಮಾತನ್ನು ಮುಂದಕ್ಕೆ ಓದಿದರೆ ತೊಡಕು ಎದುರಾಗುತ್ತದೆ. ನೋಹನ ದಿನಗಳ ಲಕ್ಷಣವನ್ನು ಯೇಸುವೇ ಬಿಡಿಸಿ ಹೇಳಿದ್ದಾನೆ: ಜನರು ಉಣ್ಣುತ್ತಿದ್ದರು, ಕುಡಿಯುತ್ತಿದ್ದರು, ಮದುವೆ ಮಾಡಿಕೊಳ್ಳುತ್ತಿದ್ದರು, ಮಾಡಿಕೊಡುತ್ತಿದ್ದರು, ನೀರು ಬರುವವರೆಗೆ ಅವರಿಗೆ ತಿಳಿಯಲೇ ಇಲ್ಲ. ದೂತರ ಹೆಸರು ಅಲ್ಲಿಲ್ಲ. ದೂತರು ಬರುವುದು ಅದರ ಹಿಂದಿನ ವಾಕ್ಯದಲ್ಲಿ. ಅಲ್ಲಿಯೂ, ಆ ದಿನ ಯಾವಾಗ ಬರುವುದೆಂಬುದು ಪರಲೋಕದ ದೂತರಿಗೂ ಗೊತ್ತಿಲ್ಲವೆಂದು ಹೇಳುವುದಕ್ಕಾಗಿ! ಎರಡು ಅಧ್ಯಾಯಗಳಷ್ಟು ಹಿಂದೆಯೇ, ಪುನರುತ್ಥಾನದಲ್ಲಿ ಮದುವೆಯೆಂಬುದಿಲ್ಲ, ಜನರು ಪರಲೋಕದ ದೂತರಂತಿರುವರೆಂಬ ಮಾತೂ ಬಂದಿದೆ. ಪೆಂಬರನ ಪಕ್ಷದವರ ಬಳಿ ಇದಕ್ಕೂ ಉತ್ತರವಿದೆ: ಮದುವೆಯಿಲ್ಲದವರು ಪರಲೋಕದಲ್ಲಿರುವ ದೂತರು, ಪರಲೋಕವನ್ನು ಬಿಟ್ಟುಬಂದವರ ಮಾತು ಬೇರೆ. ಯುಕ್ತಿ ಚೆನ್ನಾಗಿದೆ. ಆದರೆ ಊಟ, ಮದುವೆ, ಎಚ್ಚರಗೇಡಿತನ ಎಂಬ ಸಾಮಾನ್ಯ ಸಂಗತಿಗಳನ್ನು ಎದುರಿಗೇ ಇಟ್ಟಿರುವ ವಾಕ್ಯದಿಂದ ಆಕಾಶದ ತಟ್ಟೆಗಳನ್ನು ಹೊರತೆಗೆಯಲು ಯುಕ್ತಿಯೊಂದೇ ಸಾಲದು.

ಎರಡನೆಯ ವಚನ ದಾನಿಯೇಲನ ಎರಡನೆಯ ಅಧ್ಯಾಯದ್ದು. ನೆಬೂಕದ್ನೆಚ್ಚರನು ಕನಸಿನಲ್ಲಿ ಕಂಡ ಪ್ರತಿಮೆಗೆ ಚಿನ್ನದ ತಲೆ; ಪಾದದಲ್ಲಿ ಮಾತ್ರ ಕಬ್ಬಿಣಕ್ಕೆ ಜೇಡಿಮಣ್ಣು ಬೆರೆತಿದೆ. ಕಬ್ಬಿಣವೂ ಮಣ್ಣೂ ಕೂಡಿಕೊಳ್ಳದಂತೆ, ‘ಅವರು’ ಮನುಷ್ಯಸಂತಾನದೊಡನೆ ಬೆರೆತರೂ ಒಂದಾಗಿ ಅಂಟಿಕೊಳ್ಳಲಾರರೆಂದು 43ನೆಯ ವಾಕ್ಯ ಹೇಳುತ್ತದೆ. ಮನುಷ್ಯಸಂತಾನದೊಡನೆ ಬೆರೆಯುವ ಅವರು ತಾವೇ ಮನುಷ್ಯರಾಗಿರಲು ಹೇಗೆ ಸಾಧ್ಯ? ಆದುದರಿಂದ ಅವರು ದೂತರೇ ಸರಿ—ಇದು ಈ ಪಂಗಡದವರ ತರ್ಕ.

ಅರಮೇಯಿಕ್ ಭಾಷೆಯಲ್ಲಿರುವ ಈ ಭಾಗವನ್ನು ಓದಿದ ಅನೇಕ ವಿದ್ವಾಂಸರಿಗೆ ಅಲ್ಲಿ ಕಂಡದ್ದು ರಾಜಮನೆತನಗಳ ಮದುವೆ. ಅಲೆಕ್ಸಾಂಡರನ ರಾಜ್ಯ ಒಡೆದಮೇಲೆ ಈಜಿಪ್ಟಿನಲ್ಲಿ ಟಾಲೆಮಿಗಳೂ ಸಿರಿಯದಲ್ಲಿ ಸೆಲ್ಯೂಕಸನ ವಂಶದವರೂ ಆಳಿದರು. ಕಾದಾಡಿ ದಣಿದ ಈ ಎರಡು ಮನೆತನಗಳು ಕ್ರಿ. ಪೂ. 252ರ ಸುಮಾರಿಗೆ ಬೀಗತನ ಮಾಡಿಕೊಂಡುವು. ಎರಡನೆಯ ಟಾಲೆಮಿಯ ಮಗಳು ಬೆರೆನೀಸ್, ಎರಡನೆಯ ಆಂಟಿಯೋಕಸನ ಕೈಹಿಡಿದಳು. ಅಪಾರವಾದ ವರದಕ್ಷಿಣೆ ಹೋಯಿತು. ಮಗಳು ಕುಡಿಯಲೆಂದು ತಂದೆ ಸಿರಿಯಕ್ಕೆ ನೈಲ್ ನದಿಯ ನೀರನ್ನೇ ಕಳುಹಿಸಿಕೊಡುತ್ತಿದ್ದನೆಂದು ಹಳೆಯ ಗ್ರಂಥಕಾರರು ಹೇಳಿದ್ದಾರೆ. ತವರಿನ ನೀರು ತವರಿನ ನೀರೇ. ಆದರೆ ಈ ಮದುವೆಗಾಗಿ ಆಂಟಿಯೋಕಸನು ಮೊದಲ ಹೆಂಡತಿ ಲಾವೊಡೀಸಳನ್ನು ಮಕ್ಕಳ ಸಹಿತ ತೊರೆದಿದ್ದನು. ಕ್ರಿ. ಪೂ. 246ರಲ್ಲಿ ಟಾಲೆಮಿ ತೀರಿಕೊಂಡನು. ಬೆರೆನೀಸಳ ಬೆನ್ನಿಗಿದ್ದ ಬಲ ಹೋಯಿತು. ಗಂಡನು ಮೊದಲನೆಯವಳ ಬಳಿಗೆ ಮರಳಿ, ಅಲ್ಲಿಯೇ ಸತ್ತನು; ವಿಷವೆಂದು ಜನ ಆಡಿಕೊಂಡರು. ಬೆರೆನೀಸಳನ್ನೂ ಅವಳ ಎಳೆಯ ಮಗನನ್ನೂ ಕೊಂದುಹಾಕಿದರು. ಅಣ್ಣನಾದ ಮೂರನೆಯ ಟಾಲೆಮಿ ದಂಡೆತ್ತಿ ಬಂದನು, ಹೊತ್ತು ಮೀರಿಹೋಗಿತ್ತು. ಕೂಡಿಸುವುದಕ್ಕೆಂದು ಮಾಡಿದ ಮದುವೆ ಇನ್ನೊಂದು ಯುದ್ಧವನ್ನೇ ಹುಟ್ಟಿಸಿತು.

ಅದೇ ಪುಸ್ತಕದ 11ನೆಯ ಅಧ್ಯಾಯದಲ್ಲಿ ದಕ್ಷಿಣದ ಅರಸನ ಮಗಳು ಉತ್ತರದ ಅರಸನಲ್ಲಿಗೆ ಬಂದು ಬಲ ಕಳೆದುಕೊಳ್ಳುವ ಪ್ರಸಂಗವಿದೆ. ಬೆರೆನೀಸಳ ಬಾಳನ್ನು ತಿಳಿದವರಿಗೆ ಕಬ್ಬಿಣ–ಮಣ್ಣುಗಳ ಅರ್ಥವನ್ನು ಆಕಾಶದಲ್ಲಿ ಹುಡುಕುವ ಅಗತ್ಯ ಕಾಣದು.

ಇಷ್ಟೆಲ್ಲ ಗ್ರಂಥಚರ್ಚೆಯಿಂದ ಯಾರಿಗೆ ಏನಾಗಬೇಕು, ನಂಬುವವರು ನಂಬಲಿ, ಬಿಡುವವರು ಬಿಡಲಿ ಎನ್ನಬಹುದು. ದೂತರ ಮಾತು ದೂತರಲ್ಲಿಯೇ ನಿಂತಿದ್ದರೆ ಹಾಗೆನ್ನುವುದಕ್ಕೆ ಅಡ್ಡಿಯಿರಲಿಲ್ಲ. ಆದರೆ ಆ ಮಾತು ಅಲ್ಲಿ ನಿಲ್ಲಲಿಲ್ಲ. ದೇವಪುತ್ರರೆಂದರೆ ಒಳ್ಳೆಯ ವಂಶ, ಮನುಷ್ಯಪುತ್ರಿಯರೆಂದರೆ ಕೆಟ್ಟ ವಂಶ ಎಂದು ಒಮ್ಮೆ ಒಪ್ಪಿಕೊಂಡರೆ, ಆ ಎರಡು ಹೆಸರುಗಳನ್ನು ಯಾರ ಮೇಲೆ ಬೇಕಾದರೂ ಅಂಟಿಸಬಹುದು. ಆಗಸ್ಟೀನನು ನೀತಿಯ ಭೇದವನ್ನು ಕಂಡ ಕಡೆಯಲ್ಲಿ ಮುಂದಿನವರು ರಕ್ತದ ಭೇದವನ್ನು ಕಂಡರು. ಅಮೆರಿಕದಲ್ಲಿ ಗುಲಾಮಗಿರಿ ಅಳಿದು ಎರಡು ವರ್ಷಗಳೂ ಕಳೆದಿರಲಿಲ್ಲ. 1867ರಲ್ಲಿ ಬಕ್ನರ್ ಪೇನ್ ಎಂಬಾತನು ‘ಏರಿಯಲ್’ ಎಂಬ ಗುಪ್ತನಾಮದಲ್ಲಿ ಒಂದು ಕಿರುಹೊತ್ತಗೆಯನ್ನು ಹೊರಡಿಸಿದನು. ಅದರ ಪ್ರಕಾರ ದೇವಪುತ್ರರು ಬಿಳಿಯರು; ಕರಿಯರು ಆದಾಮನ ಸಂತಾನವೇ ಅಲ್ಲ; ಇವರಿಬ್ಬರ ಮದುವೆಯೇ ಪ್ರಳಯಕ್ಕೆ ಕಾರಣ. ಆ ಕಾಲದಲ್ಲಿಯೇ ಇದನ್ನು ಖಂಡಿಸಿ ಬರೆದ ಧರ್ಮಪಂಡಿತರಿದ್ದರು. ಆದರೂ ಹೊತ್ತಗೆ ಓದುಗರನ್ನು ಪಡೆಯಿತು.

ಬೆರಕೆಯ ಭಯಕ್ಕೆ ಬೈಬಲ್ಲಿನಲ್ಲಿ ಆಧಾರವೇ ಇಲ್ಲವೆಂದು ಹೇಳಲಾಗದು. ಎಜ್ರನ ಕಾಲದಲ್ಲಿ ಪರದೇಶದ ಹೆಂಡಿರನ್ನು ಕಳುಹಿಸಿಬಿಡಬೇಕೆಂಬ ತೀರ್ಮಾನವಾಯಿತು. ಅದೇ ಬೈಬಲ್ಲಿನಲ್ಲಿ ರೂತಳ ಪುಟ್ಟ ಪುಸ್ತಕವೂ ಇದೆ. ರೂತಳು ಮೋವಾಬಿನವಳು, ಪರಕೀಯಳು, ವಿಧವೆ. ಅತ್ತೆಯನ್ನು ಬಿಟ್ಟಿರಲಾರದೆ ಬೇತ್ಲೆಹೇಮಿಗೆ ಬಂದು, ಹೊಲದಲ್ಲಿ ಉದುರಿದ ತೆನೆಗಳನ್ನು ಆಯ್ದು ಇಬ್ಬರ ಹೊಟ್ಟೆಯನ್ನೂ ಹೊರೆದಳು, ಬೋವಜನನ್ನು ಮದುವೆಯಾದಳು. ಅವಳ ಮರಿಮಗನೇ ದಾವೀದ. ಮತ್ತಾಯನು ಯೇಸುವಿನ ವಂಶಾವಳಿಯನ್ನು ಬರೆಯುವಾಗ ರೂತಳ ಹೆಸರನ್ನು ಬಿಡಲಿಲ್ಲ. ಬೆರಕೆಯ ವಿಷಯದಲ್ಲಿ ಗ್ರಂಥವನ್ನು ಎತ್ತಿಹಿಡಿಯುವವರು ಈ ಪುಟವನ್ನು ಮಗುಚಿ ಹಾಕಿ ಮುಂದೆ ಹೋಗುವುದು ವಾಡಿಕೆ.

ವರ್ಜೀನಿಯ ರಾಜ್ಯದ ಕ್ಯಾರೊಲೈನ್ ಕೌಂಟಿಯ ರಿಚರ್ಡ್ ಲವಿಂಗ್ ಇಟ್ಟಿಗೆ ಕಟ್ಟುವ ಕೆಲಸಗಾರ, ಬಿಳಿಯನು. ಮಿಲ್ಡ್ರೆಡ್ ಜೀಟರ್ ಕರಿಯರ ಮತ್ತು ಅಮೆರಿಕದ ಮೂಲನಿವಾಸಿಗಳ ಸಂತತಿಯವಳು. ಸ್ವಂತ ರಾಜ್ಯದಲ್ಲಿ ಇವರ ಮದುವೆಗೆ ಕಾನೂನಿನ ನಿಷೇಧವಿತ್ತು. 1958ರ ಜೂನ್ ತಿಂಗಳಲ್ಲಿ ಇಬ್ಬರೂ ವಾಷಿಂಗ್ಟನ್ನಿಗೆ ಹೋಗಿ ಮದುವೆಯಾಗಿ ಹಿಂದಿರುಗಿದರು. ಮರುತಿಂಗಳು ಒಂದು ರಾತ್ರಿ ಪೋಲೀಸರು ಮಲಗುವ ಕೋಣೆಗೇ ನುಗ್ಗಿ ಅವರನ್ನು ಎಬ್ಬಿಸಿದರು. 1959ರ ಜನವರಿಯಲ್ಲಿ ಒಂದು ವರ್ಷದ ಸಜೆಯಾಯಿತು. 25 ವರ್ಷಗಳ ಕಾಲ ಇಬ್ಬರೂ ಕೂಡಿ ರಾಜ್ಯದೊಳಕ್ಕೆ ಕಾಲಿಡುವುದಿಲ್ಲವೆಂದರೆ ಸಜೆಯನ್ನು ತಡೆಹಿಡಿಯುವುದಾಗಿ ನ್ಯಾಯಾಧೀಶ ಲಿಯಾನ್ ಬಜೀಲ್ ಹೇಳಿದನು. ಅವರು ಊರು ಬಿಟ್ಟರು. ತೀರ್ಪನ್ನು ರದ್ದುಮಾಡಬೇಕೆಂಬ ಬೇಡಿಕೆ ಬಂದಾಗ, 1965ರಲ್ಲಿ, ಅದೇ ನ್ಯಾಯಾಧೀಶನು ಅದನ್ನು ನಿರಾಕರಿಸುತ್ತ, ದೇವರು ಜನಾಂಗಗಳನ್ನು ಬೇರೆಬೇರೆ ಖಂಡಗಳಲ್ಲಿ ಇರಿಸಿದ್ದೇ ಅವು ಬೆರೆಯಬಾರದೆಂಬ ಉದ್ದೇಶದಿಂದ ಎಂದು ಬರೆದನು. ದೇವದೂತರ ಹೆಸರನ್ನು ಅವನು ಎತ್ತಲಿಲ್ಲ. ಎತ್ತುವ ಅವಶ್ಯಕತೆಯೂ ಇರಲಿಲ್ಲ. ಸ್ವರ್ಗಕ್ಕೂ ಭೂಮಿಗೂ ನಡುವೆ ಇದ್ದ ಗೋಡೆಯನ್ನು ತಂದು ಒಂದು ಮನೆಯ ನಡುವೆ ನಿಲ್ಲಿಸುವ ಕೆಲಸ ಅದಕ್ಕೆ ಬಹಳ ಮೊದಲೇ ಆಗಿಹೋಗಿತ್ತು.

ಊರು ಬಿಟ್ಟು ವಾಷಿಂಗ್ಟನ್ನಿನಲ್ಲಿದ್ದಾಗ, 1963ರಲ್ಲಿ, ಮಿಲ್ಡ್ರೆಡ್ ಸರ್ಕಾರದ ಅಟಾರ್ನಿ ಜನರಲ್ ಆಗಿದ್ದ ರಾಬರ್ಟ್ ಕೆನೆಡಿಗೆ ಒಂದು ಪತ್ರ ಬರೆದಿದ್ದಳು. ಅಲ್ಲಿಂದ ಹೊರಟ ಮೊಕದ್ದಮೆ ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿತು. 1967ರ ಜೂನ್ 12ರಂದು ನ್ಯಾಯಮೂರ್ತಿಗಳೆಲ್ಲರೂ ಒಮ್ಮತದಿಂದ ಆ ಕಾನೂನನ್ನು ತಳ್ಳಿಹಾಕಿದರು. ಅಂಥ ಕಾನೂನು ಆಗ ಇನ್ನೂ 16 ರಾಜ್ಯಗಳಲ್ಲಿತ್ತು. ದಂಪತಿಗಳು ಮೂವರು ಮಕ್ಕಳೊಡನೆ ಕ್ಯಾರೊಲೈನ್ ಕೌಂಟಿಗೆ ಹಿಂದಿರುಗಿದರು. ಅಲ್ಲಿ, ತನ್ನವರೂ ಹೆಂಡತಿಯ ಕಡೆಯವರೂ ಇದ್ದ ಊರಿನಲ್ಲಿಯೇ, ರಿಚರ್ಡ್ ತನ್ನ ಕೈಯಾರೆ ಒಂದು ಮನೆಯನ್ನು ಕಟ್ಟಿದನು.